ಮಾಡಬಹುದಾದದ್ದೆಲ್ಲವೂ ಮಾಡಬೇಕಾದದ್ದೇ?

ಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿದರೆಂದರೆ ಉಳಿದವರ ಮನಸ್ಸಿನಲ್ಲಿ ಮೊದಲು ಏಳುವ ಮಾತು "ಏನಾದರೂ ಮಾಡಲೇಬೇಕು" ಎಂಬುದು. ಆ ಮಾತಿನಲ್ಲಿ ಪ್ರೀತಿಯಿದೆ, ಭಯವಿದೆ. ಮಾಡದೆ ಬಿಟ್ಟರೆ ನಾಳೆ ನೆಂಟರಿಷ್ಟರು ಏನೆಂದಾರು ಎಂಬ ಅಳುಕೂ ಒಂದಿಷ್ಟು ಬೆರೆತಿದೆ. ಹೀಗಾಗಿ ಮಾಡುವುದೇ ಧರ್ಮ, ಕಾದು ನೋಡುವುದು ಕರ್ತವ್ಯಲೋಪ ಎಂಬ ಎಣಿಕೆ ಕುಟುಂಬಗಳಲ್ಲಿ ತಾನಾಗಿಯೇ ಬೇರೂರಿಬಿಡುತ್ತದೆ. ಆದರೆ ಮಾಡಬಹುದಾದದ್ದು ಬೇರೆ, ಮಾಡಬೇಕಾದದ್ದು ಬೇರೆ ಎಂಬ ವಿವೇಕವನ್ನು ವೈದ್ಯವಿಜ್ಞಾನವೇ ಈಗ ಕಲಿಸುತ್ತಿದೆ. ಮೂತ್ರಪಿಂಡಗಳ ಶಕ್ತಿ ಕುಂದಿದ ರೋಗಿಗಳ ಹೃದಯ ಚಿಕಿತ್ಸೆಯಲ್ಲಿ ಈ ಪಾಠ ವಿಶೇಷವಾಗಿ ಎದ್ದು ಕಾಣುತ್ತದೆ.

ಹೃದಯಕ್ಕೆ ರಕ್ತ ಒದಗಿಸುವ ಧಮನಿಗಳನ್ನು ಕಣ್ಣಾರೆ ಕಾಣುವ ವಿದ್ಯೆ ಹಳೆಯದೇನಲ್ಲ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಡಾ. ಮೇಸನ್ ಸೋನ್ಸ್ ಅವರ ಕೈಯಲ್ಲಿ ಕ್ಷಕಿರಣಕ್ಕೆ ಕಾಣುವ ದ್ರಾವಣ ಅಕಸ್ಮಾತ್ತಾಗಿ ನೇರವಾಗಿ ಹೃದಯದ ಧಮನಿಯೊಳಕ್ಕೆ ಹರಿಯಿತು. ಆ ಅಕಸ್ಮಾತ್ತಿನಿಂದಲೇ ಆಂಜಿಯೋಗ್ರಾಂ ಹುಟ್ಟಿತು. 1967ರಲ್ಲಿ ಅದೇ ಸಂಸ್ಥೆಯಲ್ಲಿ ಅರ್ಜೆಂಟೀನಾದ ಡಾ. ರೆನೆ ಫವಲೋರೊ ಕಾಲಿನ ಅಭಿಧಮನಿಯ ತುಂಡನ್ನು ಬಳಸಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ದಾರಿ ಹಾಕಿದರು. 1977ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್ ನಗರದಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್ಜಿಗ್ ಎದೆಯನ್ನು ಸೀಳದೆಯೇ ಪುಟ್ಟ ಬಲೂನಿನಿಂದ ಕಿರಿದಾದ ಧಮನಿಯನ್ನು ಹಿಗ್ಗಿಸಿದರು. 1986ರಲ್ಲಿ ಲೋಹದ ಸ್ಟೆಂಟ್ ಬಂದಿತು. ಮೂವತ್ತು ವರ್ಷಗಳೊಳಗೆ ಮನುಷ್ಯನು ತನ್ನ ಹೃದಯದ ರಕ್ತಮಾರ್ಗವನ್ನು ನೋಡುವುದನ್ನೂ, ಸುತ್ತುಬಳಸಿ ದಾಟಿಸುವುದನ್ನೂ, ತೆರೆದಿಡುವುದನ್ನೂ ಕಲಿತನು.

ಮೂತ್ರಪಿಂಡದ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. 1960ರಲ್ಲಿ ಸಿಯಾಟಲ್ ನಗರದ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನಲ್ಲಿ ಶಾಶ್ವತವಾಗಿ ಉಳಿಯಬಲ್ಲ ಒಂದು ನಳಿಕೆಯನ್ನು ಅಳವಡಿಸಿದ ಮೇಲೆ ಡಯಾಲಿಸಿಸ್ ದೀರ್ಘಕಾಲದ ಚಿಕಿತ್ಸೆಯಾಯಿತು. ಯಂತ್ರಗಳು ಕೆಲವೇ ಇದ್ದವು, ರೋಗಿಗಳು ಬಹಳವಿದ್ದರು. ಯಾರಿಗೆ ಯಂತ್ರ ಕೊಡಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಲು ಅಲ್ಲಿ ಏಳು ಜನ ಸಾಮಾನ್ಯ ನಾಗರಿಕರ ಸಮಿತಿಯೊಂದು ಕುಳಿತಿತು. 1962ರಲ್ಲಿ ಪತ್ರಿಕೆಯೊಂದು ಆ ಸಂಗತಿಯನ್ನು ಬೆಳಕಿಗೆ ತಂದಾಗ ಇಡೀ ದೇಶದಲ್ಲಿ ಚರ್ಚೆಯೆದ್ದಿತು. ವೈದ್ಯಕೀಯ ನೀತಿಶಾಸ್ತ್ರ ಒಂದು ಪ್ರತ್ಯೇಕ ಅಧ್ಯಯನವಾಗಿ ಬೆಳೆಯಲು ಆ ಚರ್ಚೆಯೂ ಒಂದು ಕಾರಣವೆನ್ನುತ್ತಾರೆ. ಸ್ಕ್ರಿಬ್ನರ್ ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಡಯಾಲಿಸಿಸ್‌ನಿಂದ ಇನ್ನೂ ಹನ್ನೊಂದು ವರ್ಷ ಬದುಕಿದರು. 1971ರಲ್ಲಿ ಅವರು ತೀರಿಕೊಂಡದ್ದು ಮೂತ್ರಪಿಂಡದ ವೈಫಲ್ಯದಿಂದಲ್ಲ, ಹೃದಯಾಘಾತದಿಂದ. 1974ರಲ್ಲಿ ಸಿಯಾಟಲ್‌ನ ವೈದ್ಯರು ತಮ್ಮ 39 ಮಂದಿ ಡಯಾಲಿಸಿಸ್ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಇವರ ಧಮನಿಗಳು ಇತರರಿಗಿಂತ ಬೇಗ ಗಡುಸಾಗುತ್ತವೆಯೆಂದು ಎಚ್ಚರಿಸಿದರು. ಮೂತ್ರಪಿಂಡದಿಂದ ಉಳಿಸಿಕೊಂಡವರನ್ನು ಹೃದಯ ಕಸಿದುಕೊಳ್ಳುತ್ತಿತ್ತು.

ಇದರ ಕಾರಣಗಳು ಈಗ ಬಹುಮಟ್ಟಿಗೆ ತಿಳಿದಿವೆ. ಮೂತ್ರಪಿಂಡವು ರಕ್ತದ ಕಶ್ಮಲವನ್ನು ಮಾತ್ರ ಸೋಸುವ ಜರಡಿಯಲ್ಲ. ಉಪ್ಪು ನೀರಿನ ಸಮತೋಲ, ರಕ್ತದೊತ್ತಡ, ಕೆಂಪು ರಕ್ತಕಣಗಳ ಉತ್ಪತ್ತಿ, ಸುಣ್ಣ ಮತ್ತು ರಂಜಕದ ಹದ, ಇವೆಲ್ಲ ಅದರ ಹೊಣೆ. ಅದು ಸೋತಾಗ ರಂಜಕ ರಕ್ತದಲ್ಲಿ ಉಳಿಯುತ್ತದೆ. ಧಮನಿಯ ಗೋಡೆಯಲ್ಲಿ ಸುಣ್ಣ ಸೇರಿ ಗೋಡೆ ಎಲುಬಿನಂತೆ ಗಡುಸಾಗುತ್ತದೆ. ರಕ್ತದೊತ್ತಡ ಏರಿ ಹೃದಯದ ಸ್ನಾಯು ದಪ್ಪವಾಗುತ್ತದೆ. ರಕ್ತಹೀನತೆಯಿಂದ ಅದೇ ಸ್ನಾಯುವಿಗೆ ಪ್ರಾಣವಾಯು ಸಾಲದಾಗುತ್ತದೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಹನ್ನೊಂದು ಲಕ್ಷಕ್ಕೂ ಮಿಕ್ಕ ವಯಸ್ಕರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಈ ಸಂಬಂಧವನ್ನು ಅಂಕಿಗಳಲ್ಲಿ ತೋರಿಸಿತು. ಮೂತ್ರಪಿಂಡದ ಸೋಸುವ ಪ್ರಮಾಣ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿಳಿದಂತೆಲ್ಲ ಸಾವಿನ ಸಂಭವ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 30ರಿಂದ 44ರ ನಡುವೆ ಇರುವವರಲ್ಲಿ ಅದು 1.8 ಪಟ್ಟು, 15ಕ್ಕಿಂತ ಕೆಳಗಿರುವವರಲ್ಲಿ ಸುಮಾರು ಆರು ಪಟ್ಟು.

ಹೃದಯದ ತೊಂದರೆ ಹೆಚ್ಚಿರುವವರಿಗೆ ಹೃದಯದ ಚಿಕಿತ್ಸೆಯೂ ಹೆಚ್ಚು ಬೇಕಲ್ಲವೇ ಎಂಬ ತರ್ಕ ಸಹಜವಾದುದು. ತೊಡಕು ಅಲ್ಲಿಯೇ ಇದೆ. ಆಂಜಿಯೋಗ್ರಾಂಗೆ ಬಳಸುವ ದ್ರಾವಣ ದುರ್ಬಲ ಮೂತ್ರಪಿಂಡಕ್ಕೆ ಭಾರವಾಗಬಹುದು. ಸಲಾಕೆ ಮಹಾಧಮನಿಯೊಳಗೆ ಸಾಗುವಾಗ ಗೋಡೆಯ ಕೊಬ್ಬಿನ ಚೂರುಗಳು ಸಿಡಿದು ಮಿದುಳಿಗೋ ಮೂತ್ರಪಿಂಡಕ್ಕೋ ಹೋಗಬಹುದು. ಸುಣ್ಣಗಟ್ಟಿದ ಧಮನಿಯಲ್ಲಿ ಸ್ಟೆಂಟ್ ಸರಿಯಾಗಿ ಅರಳದೆ ಮತ್ತೆ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡಲೇಬೇಕು. ಆದರೆ ಮೂತ್ರಪಿಂಡದ ರೋಗಿಗಳಲ್ಲಿ ರಕ್ತಸ್ರಾವದ ಪ್ರವೃತ್ತಿ ಮೊದಲೇ ಇರುತ್ತದೆ. ದ್ರಾವಣದ ಹಾನಿಯನ್ನು ತಡೆಯಲೆಂದು ವರ್ಷಗಟ್ಟಲೆ ಕೊಡುತ್ತಿದ್ದ ಸೋಡಿಯಂ ಬೈಕಾರ್ಬೊನೇಟ್ ಮತ್ತು ಅಸಿಟೈಲ್‌ಸಿಸ್ಟೀನ್‌ಗಳಿಂದ ವಿಶೇಷ ಪ್ರಯೋಜನವಿಲ್ಲವೆಂದು ಸುಮಾರು ಐದು ಸಾವಿರ ಮಂದಿಯ ಮೇಲೆ ನಡೆದ ಪ್ರಿಸರ್ವ್ ಪರೀಕ್ಷೆ 2018ರಲ್ಲಿ ತೋರಿಸಿತು. ಸಾಕಷ್ಟು ಲವಣಜಲ, ದ್ರಾವಣದ ಮಿತವಾದ ಬಳಕೆ, ಇವಿಷ್ಟೇ ಉಳಿದ ರಕ್ಷಣೆ.

ಫಲಿತಾಂಶಗಳ ಹಳೆಯ ಲೆಕ್ಕಗಳು ಕಳವಳ ಹುಟ್ಟಿಸುವಂಥವು. ಹೃದಯಾಘಾತಕ್ಕೆ ಒಳಗಾದ 34,189 ಮಂದಿ ಡಯಾಲಿಸಿಸ್ ರೋಗಿಗಳ ಅಮೆರಿಕದ ದಾಖಲೆಗಳನ್ನು 1998ರಲ್ಲಿ ಡಾ. ಚಾರ್ಲ್ಸ್ ಹರ್ಜಾಗ್ ಮತ್ತು ಸಂಗಡಿಗರು ಪ್ರಕಟಿಸಿದರು; ಅವರಲ್ಲಿ ಶೇಕಡಾ 59 ಮಂದಿ ಒಂದೇ ವರ್ಷದೊಳಗೆ ತೀರಿಕೊಂಡಿದ್ದರು. ಅದೇ ತಂಡ 2002ರಲ್ಲಿ ಡಯಾಲಿಸಿಸ್ ರೋಗಿಗಳಿಗೆ ಮಾಡಿದ ಬೈಪಾಸ್, ಬಲೂನ್ ಮತ್ತು ಸ್ಟೆಂಟ್ ಚಿಕಿತ್ಸೆಗಳನ್ನು ಹೋಲಿಸಿತು. ಆಸ್ಪತ್ರೆಯಲ್ಲಿಯೇ ಸಂಭವಿಸಿದ ಸಾವು ಬೈಪಾಸ್‌ನಲ್ಲಿ ಶೇಕಡಾ 8.6, ಸ್ಟೆಂಟ್‌ನಲ್ಲಿ 4.1. ಎರಡು ವರ್ಷಗಳ ಬಳಿಕ ಬದುಕಿದ್ದವರು ಬೈಪಾಸ್‌ನಲ್ಲಿ ಶೇಕಡಾ 56, ಸ್ಟೆಂಟ್‌ನಲ್ಲಿ 48. ಮೊದಲ ಹೆಜ್ಜೆಯಲ್ಲಿ ಅಪಾಯ ಹೆಚ್ಚಿದ್ದ ಚಿಕಿತ್ಸೆ ದೂರದಲ್ಲಿ ಮೇಲಾಗಿ ಕಂಡಿತು. ಆದರೆ ಇಂಥ ಲೆಕ್ಕಗಳಲ್ಲಿ ಒಂದು ಮರೆಯಾದ ದೋಷವಿರುತ್ತದೆ. ಬೈಪಾಸ್ ತಾಳಿಕೊಳ್ಳಬಲ್ಲರೆಂದು ಆರಿಸಲ್ಪಟ್ಟವರು ಮೊದಲೇ ಗಟ್ಟಿಗರಾಗಿರಬಹುದು. ಚಿಕಿತ್ಸೆ ಕಾಪಾಡಿತೋ, ಮೈಯ ಕಸುವು ಕಾಪಾಡಿತೋ ಎಂದು ಹೇಳಬೇಕಾದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ ನೋಡಬೇಕು. ಅಂಥ ಪರೀಕ್ಷೆಗಳಲ್ಲಿ ಮೂತ್ರಪಿಂಡದ ರೋಗಿಗಳಿಗೆ ಸ್ಥಾನವೇ ಇರಲಿಲ್ಲ. ಹೃದ್ರೋಗದ ಪ್ರಮುಖ ಪರೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವರನ್ನು ಹೊರಗಿಟ್ಟಿದ್ದವೆಂದು 2006ರ ಸಮೀಕ್ಷೆಯೊಂದು ಹೇಳಿತು. ಅಪಾಯ ಹೆಚ್ಚಿದ್ದ ಜನರ ವಿಷಯದಲ್ಲಿಯೇ ಅರಿವು ಕಡಿಮೆಯಿತ್ತು. ಗಟ್ಟಿಮುಟ್ಟಾದವರ ಮೇಲೆ ಸಿದ್ಧವಾದ ಉತ್ತರವನ್ನು ಇವರಿಗೂ ಅನ್ವಯಿಸಲಾಗುತ್ತಿತ್ತು.

ಈ ಕೊರತೆ ಒಂದು ಮನೆಯೊಳಗೆ ಬಂದಾಗ ಏನಾಗುತ್ತದೆಂಬುದನ್ನು ನಿವೃತ್ತ ಉಪಾಧ್ಯಾಯರೊಬ್ಬರ ಅನುಭವದಲ್ಲಿ ಕಾಣಬಹುದು. ಅವರಿಗೆ ಆಗ ಅರವತ್ತೆಂಟು ವರ್ಷ. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ. ಕ್ರಿಯಾಟಿನಿನ್ 3.1ಕ್ಕೆ ಏರಿತ್ತು, ಲೆಕ್ಕ ಹಾಕಿದರೆ ಮೂತ್ರಪಿಂಡಗಳ ಸೋಸುವ ಪ್ರಮಾಣ 21ರ ಆಸುಪಾಸು. ಮಹಡಿ ಹತ್ತುವಾಗ ಎದೆ ಬಿಗಿದಂತಾಗುವುದು, ನಿಂತರೆ ಸಡಿಲಾಗುವುದು ನಾಲ್ಕಾರು ತಿಂಗಳಿನಿಂದ ನಡೆದಿತ್ತು. ಚಿತ್ರಪರೀಕ್ಷೆಯಲ್ಲಿ ಹೃದಯದ ಒಂದು ಭಾಗಕ್ಕೆ ಶ್ರಮದ ವೇಳೆ ರಕ್ತ ಸಾಲದೆಂದು ಕಂಡಿತು. ಹೃದ್ರೋಗತಜ್ಞರು ಆಂಜಿಯೋಗ್ರಾಂ ಮಾಡಿ ಬೇಕೆನಿಸಿದರೆ ಸ್ಟೆಂಟ್ ಹಾಕೋಣವೆಂದರು. ಮೂತ್ರಪಿಂಡತಜ್ಞರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. "ಡಯಾಲಿಸಿಸ್ ಬೇಗ ಬಂದರೂ ಬರಬಹುದು, ಮನಸ್ಸಿನಲ್ಲಿರಲಿ" ಎಂದಷ್ಟೇ ಹೇಳಿದರು.

ಹಿರಿಯ ಮಗ ಬೆಂಗಳೂರಿನಿಂದ ಬಂದನು. ಹಣದ ಚಿಂತೆ ಬೇಡ, ನಾಳೆಯೇ ಸೇರಿಸೋಣ ಎಂಬುದು ಅವನ ಮಾತು. ತಂದೆಯ ಔಷಧ, ಪಥ್ಯಗಳನ್ನು ದಿನವೂ ನೋಡಿಕೊಳ್ಳುತ್ತಿದ್ದ ಮಗಳು ತಡೆದಳು. "ಅಣ್ಣಾ, ನೀನು ಎರಡು ದಿನ ಇದ್ದು ಹೋಗುತ್ತೀಯ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕೂರಬೇಕಾದವರು ಅಪ್ಪ. ಅವರನ್ನು ಒಂದು ಮಾತು ಕೇಳಿದೆಯಾ?" ಮಗನಿಗೆ ನೋವಾಯಿತು. ತಂದೆಗೆ ಹಾನಿಯಾಗಲೆಂದು ಅವನು ಹೇಳಿದ್ದಲ್ಲ. ಆದರೆ ಕೇಳಿರಲಿಲ್ಲವೆಂಬುದು ನಿಜವಾಗಿತ್ತು. ಪಕ್ಕದ ಕೋಣೆಯಲ್ಲಿದ್ದ ಉಪಾಧ್ಯಾಯರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನ ಅವರೇ ಒಂದು ಚೀಟಿಯಲ್ಲಿ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೃದ್ರೋಗತಜ್ಞರ ಮುಂದೆ ಕುಳಿತರು. ಇದನ್ನು ಮಾಡಿಸಿದರೆ ಹೆಚ್ಚು ದಿನ ಬದುಕುತ್ತೇನೆಯೇ? ಮೆಟ್ಟಿಲು ಹತ್ತುವಾಗಿನ ಬಿಗಿತ ಹೋಗುತ್ತದೆಯೇ? ಮಾಡಿಸದಿದ್ದರೆ ಏನಾದೀತು?

ಅವರ ಅದೃಷ್ಟಕ್ಕೆ ಆ ವೇಳೆಗೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಪರೀಕ್ಷೆಯೊಂದು ಮುಗಿದಿತ್ತು. ಇಸ್ಕೀಮಿಯಾ ಸಿಕೆಡಿ ಎಂಬುದು ಅದರ ಹೆಸರು. ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ನೆರವಿನಿಂದ ನಡೆದ ಇದರ ವರದಿಯ ಪ್ರಥಮ ಲೇಖಕರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡಾ. ಶ್ರೀಪಾಲ್ ಬ್ಯಾಂಗಲೋರ್. ಭಾರತವೂ ಸೇರಿ ಹಲವು ದೇಶಗಳ ರೋಗಿಗಳು ಇದರಲ್ಲಿ ಭಾಗವಹಿಸಿದರು. ಸೋಸುವ ಪ್ರಮಾಣ 30ಕ್ಕಿಂತ ಕೆಳಗಿದ್ದ ಅಥವಾ ಡಯಾಲಿಸಿಸ್‌ನಲ್ಲಿದ್ದ, ಹೃದಯಕ್ಕೆ ರಕ್ತದ ಕೊರತೆ ಮಧ್ಯಮ ಅಥವಾ ತೀವ್ರವಾಗಿದ್ದ, ಆದರೆ ಸ್ಥಿರ ಸ್ಥಿತಿಯಲ್ಲಿದ್ದ 777 ಮಂದಿಯನ್ನು ಎರಡು ಗುಂಪಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಔಷಧಗಳ ಜೊತೆಗೆ ಆಂಜಿಯೋಗ್ರಾಂ, ಸಾಧ್ಯವಿದ್ದಲ್ಲಿ ಸ್ಟೆಂಟ್ ಅಥವಾ ಬೈಪಾಸ್. ಇನ್ನೊಂದಕ್ಕೆ ಔಷಧಗಳು ಮಾತ್ರ, ಅವು ಸೋತರೆ ಆಗ ಆಂಜಿಯೋಗ್ರಾಂ. 2020ರಲ್ಲಿ ಪ್ರಕಟವಾದ ಫಲಿತಾಂಶ ಇದು: ಮೂರು ವರ್ಷಗಳಲ್ಲಿ ಸಾವು ಅಥವಾ ಹೃದಯಾಘಾತಕ್ಕೆ ಒಳಗಾದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 36.4, ಎರಡನೆಯದರಲ್ಲಿ ಶೇಕಡಾ 36.7. ಅಂತರವೇ ಇಲ್ಲವೆನ್ನಬೇಕು. ಎದೆನೋವು ಮತ್ತು ದಿನಚರಿಯ ಸೌಖ್ಯದಲ್ಲಿಯೂ ಗಣ್ಯವಾದ ಲಾಭ ಕಾಣಲಿಲ್ಲ. ಇದಕ್ಕೆ ಬದಲಾಗಿ ಮೊದಲ ಗುಂಪಿನಲ್ಲಿ ಪಾರ್ಶ್ವವಾಯು ಹೆಚ್ಚಾಗಿತ್ತು. ಸಾವು ಅಥವಾ ಹೊಸದಾಗಿ ಡಯಾಲಿಸಿಸ್ ಆರಂಭಿಸಬೇಕಾದ ಪ್ರಸಂಗವೂ ಹೆಚ್ಚಾಗಿತ್ತು.

ಮುಚ್ಚಿದ ಬಾಗಿಲನ್ನು ತೆರೆದರೂ ಮನೆಗೆ ಬೆಳಕು ಬಾರದಿರುವುದು ಏಕೆ? ಇಂಥ ರೋಗಿಗಳ ಧಮನಿಯಲ್ಲಿ ತೊಂದರೆ ಒಂದೆರಡು ಕಡೆ ಮಾತ್ರ ಇರುವುದಿಲ್ಲ, ಉದ್ದಕ್ಕೂ ಹರಡಿರುತ್ತದೆ. ಸ್ಟೆಂಟ್ ಹಾಕುವುದು ಒಂದೆರಡು ಕಡೆ. ಮೊದಲ ಗುಂಪಿನವರಲ್ಲಿಯೂ ಅರ್ಧದಷ್ಟು ಮಂದಿಗೆ ಮಾತ್ರ ಸ್ಟೆಂಟ್ ಅಥವಾ ಬೈಪಾಸ್ ಆಯಿತು; ಉಳಿದವರಲ್ಲಿ ಕೆಲವರಿಗೆ ಚಿಕಿತ್ಸೆಗೆ ತಕ್ಕಂಥ ತಡೆಯೇ ಕಾಣಲಿಲ್ಲ, ಕೆಲವರ ಧಮನಿಗಳು ಚಿಕಿತ್ಸೆಗೆ ಒಗ್ಗುವಂತಿರಲಿಲ್ಲ. ಮೇಲಾಗಿ ಮೂತ್ರಪಿಂಡದ ರೋಗಿಗಳಲ್ಲಿ ಹೃದಯದ ಸಾವೆಂದರೆ ಧಮನಿ ಕಟ್ಟಿದ್ದರಿಂದಲೇ ಆದದ್ದೆಂದು ಹೇಳಲಾಗದು. ದಪ್ಪಗಟ್ಟಿದ ಸ್ನಾಯು, ಪೊಟ್ಯಾಸಿಯಂನ ಏರಿಳಿತ, ಮೈಯಲ್ಲಿ ತುಂಬಿ ನಿಂತ ನೀರು, ಇವುಗಳಿಂದ ಬಡಿತವೇ ಹಠಾತ್ತಾಗಿ ತಾಳ ತಪ್ಪಿ ನಿಲ್ಲುವುದುಂಟು. ಅದನ್ನು ಯಾವ ಸ್ಟೆಂಟೂ ತಡೆಯಲಾರದು.

ಹೃದ್ರೋಗತಜ್ಞರು ಈ ವಿಷಯವನ್ನು ಬಿಡಿಸಿ ಹೇಳಿದರು. "ಮೇಷ್ಟ್ರೇ, ಇದನ್ನು ಮಾಡಿಸಿದರೆ ನೀವು ಹೆಚ್ಚು ದಿನ ಬದುಕುತ್ತೀರಿ ಎಂದು ನಾನು ಹೇಳಲಾರೆ. ಮಾತ್ರೆಯಿಂದ ಬಿಗಿತ ತಗ್ಗದಿದ್ದರೆ, ಅಥವಾ ಕೂತಲ್ಲಿಯೇ ನೋವು ಬಂದರೆ ಮಾತು ಬೇರೆ. ಆಗ ತಡ ಮಾಡಬಾರದು." ಉಪಾಧ್ಯಾಯರು ಔಷಧದ ದಾರಿಯನ್ನು ಆರಿಸಿಕೊಂಡರು. ಹಿರಿಯ ಮಗನಿಗೆ ಅದನ್ನು ಒಪ್ಪಿಕೊಳ್ಳಲು ಬಹಳ ಕಷ್ಟವಾಯಿತು. ತಂದೆಗೆ ತಾನು ಏನನ್ನೂ ಮಾಡಲಿಲ್ಲವೆಂಬ ಭಾವ ಅವನನ್ನು ತಿಂಗಳುಗಟ್ಟಲೆ ಕಾಡಿತು. ಒಂದೂವರೆ ವರ್ಷದ ಬಳಿಕ ಮೂತ್ರಪಿಂಡಗಳು ಮತ್ತಷ್ಟು ಸೋತು ಡಯಾಲಿಸಿಸ್ ಆರಂಭಿಸಬೇಕಾಯಿತು, ಅಷ್ಟರವರೆಗೆ ಹೃದಯಾಘಾತವಾಗಿರಲಿಲ್ಲ. ಆ ಒಂದೂವರೆ ವರ್ಷ ಅವರು ಮೊಮ್ಮಗಳಿಗೆ ಗಣಿತ ಹೇಳಿಕೊಟ್ಟರು, ಮಹಡಿಯ ಕೋಣೆಯನ್ನು ಬಿಟ್ಟು ಕೆಳಗಿನ ಕೋಣೆಗೆ ಬಂದರು. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡಿದ್ದರೂ ಹೀಗೆಯೇ ಆಗುತ್ತಿತ್ತೋ ಏನೋ. ಔಷಧದ ದಾರಿಯಲ್ಲಿಯೇ ಆಘಾತವಾಗಿಬಿಡುವ ಸಂಭವವೂ ಇತ್ತು. ಒಂದು ಜೀವದ ಕಥೆ ಪ್ರಮಾಣವಾಗಲಾರದು. ನಿರ್ಧಾರ ಸರಿಯೇ ಎಂಬುದನ್ನು ಅದನ್ನು ಕೈಗೊಂಡ ದಿನ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕೇ ಹೊರತು, ಮುಂದೆ ಬಂದ ಫಲದಿಂದಲ್ಲ.

ಇಲ್ಲಿಗೆ ನಿಲ್ಲಿಸಿ, ಮೂತ್ರಪಿಂಡದ ರೋಗಿಗೆ ಆಂಜಿಯೋಗ್ರಾಂ ಬೇಡವೇ ಬೇಡ ಎಂದು ಯಾರಾದರೂ ತಿಳಿದರೆ ಅದು ಇನ್ನೂ ದೊಡ್ಡ ಅಪಾಯ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಇತ್ತೀಚೆಗೆ ಹೃದಯಾಘಾತವಾದವರು ಇರಲಿಲ್ಲ. ಹೃದಯದ ಬಲ ತೀರ ಕುಗ್ಗಿದವರು, ಔಷಧದಿಂದ ತಗ್ಗದ ನೋವಿದ್ದವರು ಇರಲಿಲ್ಲ. ಅವರಿಗೆ ಅದರ ಉತ್ತರ ಅನ್ವಯಿಸದು. ಹೃದಯಾಘಾತದ ಹೊತ್ತಿನಲ್ಲಿ ತದ್ವಿರುದ್ಧವಾದ ಅನ್ಯಾಯವೊಂದು ನಡೆದುಬಂದಿದೆ. ಹೃದಯಾಘಾತವಾದ ವೃದ್ಧರಲ್ಲಿ ಮೂತ್ರಪಿಂಡದ ತೊಂದರೆಯಿದ್ದವರಿಗೆ, ಅಗತ್ಯವಿದ್ದಾಗಲೂ, ಆಂಜಿಯೋಗ್ರಾಂ ಮಾಡುವುದು ಕಡಿಮೆಯೆಂದು 2004ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ರೋಗಿಯ ಮೂತ್ರಪಿಂಡವನ್ನು ನೋಡಿ ಹೃದಯವನ್ನು ಕೈಬಿಡುವ ಈ ಪ್ರವೃತ್ತಿಗೆ ಅವರು ರೀನಲಿಸಂ ಎಂಬ ಹೆಸರನ್ನೇ ಇಟ್ಟರು. ಸ್ವೀಡನ್ನಿನ 23,262 ಮಂದಿಯ ದಾಖಲೆಗಳಿಂದ 2009ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿ, ಒಂದು ಬಗೆಯ ಹೃದಯಾಘಾತದಲ್ಲಿ ಬೇಗನೆ ಧಮನಿ ತೆರೆಸಿಕೊಂಡವರು ಮೂತ್ರಪಿಂಡ ಅಲ್ಪ ಅಥವಾ ಮಧ್ಯಮ ಪ್ರಮಾಣದಲ್ಲಿ ಕುಂದಿದ್ದರೂ ಹೆಚ್ಚಾಗಿ ಬದುಕಿ ಉಳಿದದ್ದು ಕಂಡಿತು. ಮೂತ್ರಪಿಂಡ ಪೂರ್ತಿ ಸೋತವರಲ್ಲಿ ಮಾತ್ರ ಆ ಲಾಭ ಖಚಿತವಾಗಲಿಲ್ಲ.

ಅದೇ ಉಪಾಧ್ಯಾಯರ ಜೊತೆಗೆ ಡಯಾಲಿಸಿಸ್‌ಗೆ ಬರುತ್ತಿದ್ದ ಮಹಿಳೆಯೊಬ್ಬರಿಗೆ ಒಂದು ಮುಂಜಾನೆ ಬೆವರು ಕಿತ್ತು ಉಸಿರು ಸಿಕ್ಕಿಕೊಂಡಿತು. ಎದೆನೋವೇ ಇರಲಿಲ್ಲ, ಸಕ್ಕರೆ ಕಾಯಿಲೆಯುಳ್ಳವರಲ್ಲಿ ಹೀಗಾಗುವುದು ಅಪರೂಪವಲ್ಲ. ಮೊದಲು ಹೋದ ಕಡೆ ಮೂತ್ರಪಿಂಡದ ಕಾಗದಗಳನ್ನು ನೋಡಿ ಹಿಂಜರಿದರು; ಎರಡನೆಯ ಆಸ್ಪತ್ರೆಯಲ್ಲಿ ಹೃದಯಾಘಾತವೆಂದು ಗುರುತಿಸಿ ಕೂಡಲೇ ಧಮನಿಯನ್ನು ತೆರೆದರು. ಆಕೆ ಮನೆಗೆ ಮರಳಿದರು. ಉಪಾಧ್ಯಾಯರಿಗೆ ಬೇಡವೆನಿಸಿದ್ದು ಆಕೆಗೆ ಬೇಕಾಗಿತ್ತು. ಸ್ಥಿರವಾದ ಎದೆಬಿಗಿತ ಬೇರೆ, ಹೃದಯಾಘಾತ ಬೇರೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹೊಂದಿಸಹೊರಟರೆ ಜೀವಕ್ಕೆ ಎರವಾಗಬಹುದು. ಎದೆ, ದವಡೆ, ತೋಳುಗಳಲ್ಲಿ ಹೊಸ ನೋವು, ವಿಶ್ರಾಂತಿಯಲ್ಲಿಯೂ ನಿಲ್ಲದ ಬಿಗಿತ, ಕಾರಣವಿಲ್ಲದ ಬೆವರು, ಹಠಾತ್ತಾದ ಏದುಸಿರು ಇವು ಕಂಡರೆ ಮನೆಯಲ್ಲಿ ಕುಳಿತು ಚರ್ಚಿಸುವ ಹೊತ್ತು ಅದಲ್ಲ.

ಮೂತ್ರಪಿಂಡ ಕಸಿಗೆ ಕಾದಿರುವವರ ವಿಷಯದಲ್ಲಿ ಮತ್ತೊಂದು ಪ್ರಶ್ನೆಯಿದೆ. ಕಸಿಗೆ ಮುನ್ನ ಹೃದಯದ ಧಮನಿಗಳನ್ನು ಪರೀಕ್ಷಿಸಿ, ತಡೆಯಿದ್ದರೆ ತೆರೆಸಿಕೊಂಡು ಬರಬೇಕೆಂಬ ರೂಢಿ ಬಹುಕಾಲದಿಂದ ಇತ್ತು. ಅದೇ 777 ಮಂದಿಯಲ್ಲಿ ಕಾಲು ಭಾಗದಷ್ಟು ಜನ ಕಸಿಯ ಪಟ್ಟಿಯಲ್ಲಿದ್ದರು. ರೋಗಲಕ್ಷಣ ಸ್ಥಿರವಾಗಿದ್ದ ಅವರಲ್ಲಿಯೂ ಮುಂಚಿತವಾಗಿ ಸ್ಟೆಂಟ್ ಹಾಕಿಸಿದ್ದರಿಂದ ಲಾಭ ಕಾಣಲಿಲ್ಲ. ಕಸಿಯ ತಂಡ ಪ್ರತಿಯೊಬ್ಬ ರೋಗಿಯನ್ನೂ ಬೇರೆಯಾಗಿ ತೂಗಿ ನೋಡಬೇಕು. ರೂಢಿ ಎಂಬ ಒಂದೇ ಕಾರಣ ಸಾಲದು.

ಹಾಗಾದರೆ ಹೃದಯವನ್ನು ಕಾಯುವುದು ಹೇಗೆ? ದೊರೆತಿರುವ ಉತ್ತರಗಳಲ್ಲಿ ಹೆಚ್ಚಿನವು ಸದ್ದಿಲ್ಲದವು, ಬೇಗ ಆರಂಭವಾಗಬೇಕಾದವು. ರಕ್ತದೊತ್ತಡ ಹತೋಟಿ, ಉಪ್ಪಿನಲ್ಲಿ ಮಿತಿ, ತಂಬಾಕಿನ ತ್ಯಾಗ ಮೊದಲಿನವು. ಕೊಬ್ಬನ್ನು ಇಳಿಸುವ ಔಷಧಗಳ ಬಗ್ಗೆ 9,270 ಮಂದಿಯ ಶಾರ್ಪ್ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು; ಧಮನಿಯ ಪ್ರಮುಖ ಆಪತ್ತುಗಳು ಶೇಕಡಾ 17ರಷ್ಟು ಕಡಿಮೆಯಾದವು. ಆದರೆ ಡಯಾಲಿಸಿಸ್ ಆರಂಭವಾದ ಮೇಲೆ ಹೊಸದಾಗಿ ಸ್ಟ್ಯಾಟಿನ್ ಕೊಟ್ಟಾಗ ಅಂಥ ಲಾಭ ಸಿಗಲಿಲ್ಲವೆಂದು 2005 ಮತ್ತು 2009ರ ಎರಡು ಪರೀಕ್ಷೆಗಳು ಹೇಳಿದ್ದವು. 2020ರಲ್ಲಿ 4,304 ಮಂದಿಯ ಮೇಲೆ ನಡೆದ ಪರೀಕ್ಷೆಯ ವರದಿ ಬಂದಿತು; ಡಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಮೂತ್ರಪಿಂಡದ ಇಳಿಕೆಯನ್ನು ನಿಧಾನಗೊಳಿಸುವುದರ ಜೊತೆಗೆ ಸಾವನ್ನೂ ಕಡಿಮೆ ಮಾಡಿತು. ಸಕ್ಕರೆ ಕಾಯಿಲೆ ಇಲ್ಲದವರಿಗೂ ಅದು ಉಪಕರಿಸಿತು. ಭಾರತದಲ್ಲಿ ಅದೇ ವರ್ಷ ಅದರ ಪೇಟೆಂಟ್ ಅವಧಿ ಮುಗಿದು, ಹಲವು ಕಂಪನಿಗಳು ಅಗ್ಗದ ದರದಲ್ಲಿ ತಯಾರಿಸತೊಡಗಿದವು. ಇವೆಲ್ಲಕ್ಕೂ ವೈದ್ಯರ ಸಲಹೆ ಬೇಕು. ಆದರೆ ಒಂದು ಸಂಗತಿ ಸ್ಪಷ್ಟ. ಮೂತ್ರಪಿಂಡದಲ್ಲಿ ಇನ್ನೂ ಶಕ್ತಿ ಉಳಿದಿರುವಾಗ ಮಾಡಿದ ಉಪಚಾರ, ಅದು ಬತ್ತಿದ ಮೇಲೆ ಮಾಡಿದ ಉಪಚಾರಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಚಿಕಿತ್ಸೆಗೆ ಧನಸಹಾಯ ಮಾಡುವ ಸಂಸ್ಥೆಗಳು ಇಲ್ಲಿ ಯೋಚಿಸಬೇಕಾದ ಅಂಶವೊಂದಿದೆ. ಸ್ಟೆಂಟ್ ಒಂದು ದಿನದ ಘಟನೆ. ಅದಕ್ಕೆ ಒಂದು ಬಿಲ್ಲು ಇರುತ್ತದೆ, ಕೊಟ್ಟ ಹಣಕ್ಕೆ ಒಂದು ರಶೀದಿ ಬರುತ್ತದೆ, ರೋಗಿ ಮನೆಗೆ ಮರಳಿದ ಸಮಾಧಾನವೂ ದೊರೆಯುತ್ತದೆ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಗಳ, ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿಗಳ ಮಿತಿ ಹಾಕಿದ ಮೇಲೆ ಆ ಭಾರ ಒಂದಿಷ್ಟು ಇಳಿಯಿತು. ಡಯಾಲಿಸಿಸ್ ಹಾಗಲ್ಲ. ಅದು ವಾರಕ್ಕೆ ಎರಡು ಮೂರು ಬಾರಿ, ವರ್ಷಗಟ್ಟಲೆ ನಡೆಯುವ ಖರ್ಚು. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಸೇವೆ ಸಿಗುವಂತಾದರೂ, ಹಳ್ಳಿಯಿಂದ ಬರುವ ಬಸ್ಸಿನ ಹಣ, ಜೊತೆಗೆ ಬರುವವರ ಕಳೆದುಹೋದ ಕೂಲಿ, ರಕ್ತಹೀನತೆಯ ಚುಚ್ಚುಮದ್ದು, ತಿಂಗಳ ಔಷಧಗಳು ಕುಟುಂಬದ ಮೇಲೆಯೇ ಬೀಳುತ್ತವೆ. ಈ ವೆಚ್ಚಕ್ಕೆ ಫಲಕ ಹಾಕಿಸಲು ಬರುವುದಿಲ್ಲ. ಆದ್ದರಿಂದಲೇ ಇದಕ್ಕೆ ದಾನಿಗಳು ಕಡಿಮೆ. ಸ್ಥಿರ ರೋಗಿಗೆ ಒಂದು ಸ್ಟೆಂಟ್ ಹಾಕಿಸುವ ಹಣದಿಂದ ಎಷ್ಟು ಮಂದಿಯ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ರೋಗವನ್ನು ಮೊದಲ ಹಂತದಲ್ಲಿಯೇ ಹಿಡಿಯಬಹುದು ಎಂಬ ಲೆಕ್ಕವನ್ನೂ ಹಾಕಬೇಕಾಗಿದೆ. ಹಾಗೆಂದು ಬಡವನ ಹೃದಯಾಘಾತದ ಹೊತ್ತಿನಲ್ಲಿ ಲೆಕ್ಕ ಹಾಕುತ್ತ ಕೂಡಬಾರದು. ಅರ್ಜಿ ಬಂದಾಗ ಇದು ತುರ್ತು ಚಿಕಿತ್ಸೆಯೇ, ಯೋಜಿತ ಚಿಕಿತ್ಸೆಯೇ ಎಂದು ಕೇಳುವ ಒಂದು ಸಾಲು ಅರ್ಜಿಯ ನಮೂನೆಯಲ್ಲಿದ್ದರೆ ಎರಡನ್ನೂ ಬೇರ್ಪಡಿಸಿ ನೋಡಲು ಅನುಕೂಲ.

ಕೊನೆಯದಾಗಿ ಉಳಿಯುವುದು ಕುಟುಂಬದ ಹೊಣೆ. ಪ್ರೀತಿಯ ಹೆಸರಿನಲ್ಲಿ ರೋಗಿಯ ಮಾತನ್ನು ಬದಿಗಿಡುವುದು ಬಹು ಮನೆಗಳಲ್ಲಿ ನಡೆಯುತ್ತದೆ. ಕಾಗದಕ್ಕೆ ಮಕ್ಕಳು ಸಹಿ ಹಾಕುತ್ತಾರೆ. ಮೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳುವವರು ತಂದೆ ತಾಯಿ. ಅಪಾಯವನ್ನು ಹೊರುವವರಿಗೆ ಅದನ್ನು ತಿಳಿಯುವ ಹಕ್ಕು ಮೊದಲು ಇದೆ. ವೈದ್ಯರ ಎದುರು ಪ್ರಶ್ನೆ ಕೇಳುವುದು ಅವಿನಯವಲ್ಲ. ಈ ಚಿಕಿತ್ಸೆ ಆಯುಷ್ಯಕ್ಕಾಗಿಯೋ, ನೋವಿನ ಉಪಶಮನಕ್ಕಾಗಿಯೋ? ಮೂತ್ರಪಿಂಡದ ಈಗಿನ ಪ್ರಮಾಣ ಎಷ್ಟು, ಡಯಾಲಿಸಿಸ್‌ಗೆ ಹೋಗುವ ಸಂಭವ ಎಷ್ಟು? ದ್ರಾವಣವನ್ನು ಎಷ್ಟು ಕಡಿಮೆ ಬಳಸಬಹುದು? ಔಷಧಗಳನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟು ನೋಡಲಾಗಿದೆಯೇ? ಕೆಲವು ವಾರ ಕಾಯ್ದರೆ ಹಾನಿಯೇ? ಹೃದ್ರೋಗತಜ್ಞರೂ ಮೂತ್ರಪಿಂಡತಜ್ಞರೂ ಪರಸ್ಪರ ಮಾತನಾಡಿಕೊಂಡಿದ್ದಾರೆಯೇ? ರೋಗಿಯ ಸಮ್ಮುಖದಲ್ಲಿ ಇವಕ್ಕೆ ಉತ್ತರ ಪಡೆದು, ಬಳಿಕ ಚಿಕಿತ್ಸೆ ಮಾಡಿಸಿದರೂ ಸರಿ, ಕಾಯ್ದರೂ ಸರಿ, ಆ ಮನೆಯವರು ತಮ್ಮ ಹಿರಿಯರಿಗೆ ಮಾಡಬೇಕಾದದ್ದನ್ನು ಮಾಡಿದಂತೆಯೇ.